ಹಿರ್ತಾ ದ್ವೀಪದ ತೊರೆದ ಕುಟೀರ: ರಚನೆ ಮತ್ತು ಚರಿತ್ರೆ

ಸ್ಕಾಟ್ಲೆಂಡಿನ ಪಶ್ಚಿಮ ತೀರದಾಚೆ, ಹೆಬ್ರಿಡೀಸ್ ದ್ವೀಪಮಾಲೆಯನ್ನೂ ದಾಟಿ, ಸುಮಾರು 40 ಮೈಲಿ ದೂರದ ಅಟ್ಲಾಂಟಿಕ್ ಸಾಗರದಲ್ಲಿ ಸೇಂಟ್ ಕಿಲ್ಡಾ ಎಂಬ ಸಣ್ಣ ದ್ವೀಪಗಳ ಗುಂಪೊಂದು ಇರುವುದು. ಇವುಗಳಲ್ಲಿ ದೊಡ್ಡದಾದ ಹಿರ್ತಾ ದ್ವೀಪದ ವಿಸ್ತೀರ್ಣವು ಎರಡೂವರೆ ಚದರ ಮೈಲಿಗಿಂತ ತುಸು ಹೆಚ್ಚು. ಕಿಲ್ಡಾ ಎಂಬ ಹೆಸರಿನ ಸಂತನು ಯಾವ ಚರ್ಚಿನ ಪಟ್ಟಿಯಲ್ಲಿಯೂ ಇಲ್ಲ. ಹೆಸರು ನಾವಿಕರ ನಕ್ಷೆಗಳ ಅಪಭ್ರಂಶದಿಂದ ಹುಟ್ಟಿದುದೆಂದು ವಿದ್ವಾಂಸರು ಬಗೆಯುತ್ತಾರೆ. ದ್ವೀಪವಾಸಿಗಳಾದರೋ ತಮ್ಮ ಗೇಲಿಕ್ ಭಾಷೆಯಲ್ಲಿ ತಮ್ಮ ನೆಲವನ್ನು ಹಿರ್ತಾ ಎಂಬರ್ಥದ ಹೆಸರಿನಿಂದಲೇ ಕರೆಯುತ್ತಿದ್ದರು. ಈ ದ್ವೀಪದ ಆಗ್ನೇಯ ದಿಕ್ಕಿನ ಕೊಲ್ಲಿಗೆ ಎದುರಾಗಿ, ಅರ್ಧಚಂದ್ರಾಕಾರದ ಒಂದೇ ಬೀದಿಯಲ್ಲಿ, ಹದಿನಾರು ಕಲ್ಲುಮನೆಗಳ ಸಾಲೊಂದಿದೆ. 1930ರ ಆಗಸ್ಟ್ 29ರಂದು ಅಲ್ಲಿ ಉಳಿದಿದ್ದ 36 ಜನರೂ ಹಾರ್‌ಬೆಲ್ ಎಂಬ ಹಡಗನ್ನೇರಿ ಹೊರಟುಹೋದರು. ಆ ಸಾಲಿನ ಮನೆಗಳಲ್ಲಿ ಒಂದನ್ನು ಮುಂದಿಟ್ಟುಕೊಂಡು ಅದರ ರಚನೆಯನ್ನೂ ಚರಿತ್ರೆಯನ್ನೂ ವಿಚಾರಿಸುವುದು ಈ ಲೇಖನದ ಉದ್ದೇಶ.

ಕರ್ಣಾಟಕದ ಇತಿಹಾಸ ವಿದ್ಯಾರ್ಥಿಗೆ ಇಷ್ಟು ದೂರದ ಕುಟೀರದಿಂದ ಆಗಬೇಕಾದುದೇನು ಎಂದು ವಾಚಕರು ಕೇಳಬಹುದು. ಪ್ರಶ್ನೆ ಸಹಜವಾದುದೇ. ಇದಕ್ಕೆ ಒಂದು ಉತ್ತರವು ಆ ಮನೆಗಳನ್ನು ಕಟ್ಟಿಸಿದವನ ವೃತ್ತಾಂತದಲ್ಲಿದೆ. 1861-62ರಲ್ಲಿ ಈ ಹದಿನಾರು ಮನೆಗಳನ್ನು ಕಟ್ಟಿಸಿಕೊಟ್ಟ ಭೂಮಾಲೀಕನು ಸರ್ ಜಾನ್ ಮ್ಯಾಕ್‌ಫರ್ಸನ್ ಮೆಕ್ಲೌಡ್. ಮದರಾಸು ಆಧಿಪತ್ಯದ ಸಿವಿಲ್ ಸೇವೆಯಲ್ಲಿದ್ದ ಈತನು, 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತವನ್ನು ಕಂಪನಿಯು ತೆಗೆದುಕೊಂಡ ಮೇಲೆ, 1832ರಲ್ಲಿ ಮೈಸೂರಿನ ಕಮಿಷನರುಗಳಲ್ಲಿ ಒಬ್ಬನಾಗಿ ನಿಯಮಿತನಾದವನು. ತರುವಾಯ ಮೆಕಾಲೆಯ ಅಧ್ಯಕ್ಷತೆಯ ಕಾನೂನು ಆಯೋಗದಲ್ಲಿ ಸದಸ್ಯನಾಗಿ ಭಾರತೀಯ ದಂಡಸಂಹಿತೆಯ ಕರಡನ್ನು ಸಿದ್ಧಪಡಿಸಿದ ಕೆಲವರಲ್ಲಿಯೂ ಒಬ್ಬನು. ಮೈಸೂರು ರಾಜ್ಯವು ಒಡೆಯರಿಗೆ ಮರಳಿದ 1881ನೆಯ ಇಸವಿಯೇ ಈತನ ಮರಣದ ವರ್ಷವೂ ಆಗಿದೆ. ನಮ್ಮ ಆಡಳಿತ ಚರಿತ್ರೆಯ ಪುಟಗಳಲ್ಲಿ ಕ್ಷಣಕಾಲ ಸುಳಿದು ಮರೆಯಾಗುವ ಈ ಹೆಸರು ಅಟ್ಲಾಂಟಿಕ್ಕಿನ ಬಡ ರೈತರ ಮನೆಗಳ ಚರಿತ್ರೆಯಲ್ಲಿ ಮತ್ತೆ ಕಾಣಿಸಿಕೊಳ್ಳುವುದು. ಆದರೆ ಇಷ್ಟೇ ಆಗಿದ್ದರೆ ಇದೊಂದು ಕುತೂಹಲದ ಸಂಗತಿ ಮಾತ್ರವಾಗುತ್ತಿತ್ತು. ಇದಕ್ಕಿಂತ ಮುಖ್ಯವಾದುದು ಬೇರೊಂದಿದೆ. ಮೇಲಿನವರು ಹಳ್ಳಿಯವರ ಹಿತಕ್ಕಾಗಿ ‘ಸುಧಾರಿತ’ ಮನೆಯನ್ನು ಕಟ್ಟಿಸಿಕೊಟ್ಟಾಗ ಏನಾಗುತ್ತದೆ ಎಂಬ ಪ್ರಶ್ನೆಗೆ ಹಿರ್ತಾದ ಬೀದಿಯಲ್ಲಿರುವಷ್ಟು ಸ್ಪಷ್ಟವಾದ ಸಾಕ್ಷ್ಯವು ಬೇರೆ ಕಡೆ ಸುಲಭವಾಗಿ ದೊರೆಯಲಾರದು. ಏಕೆಂದರೆ ಅಲ್ಲಿ ಹೊಸ ಮನೆಯನ್ನು ಕಟ್ಟಿದಾಗ ಹಳೆಯದನ್ನು ಕೆಡವಲಿಲ್ಲ. ಎರಡೂ ಅಕ್ಕಪಕ್ಕದಲ್ಲಿ ನಿಂತಿವೆ.

ಮೊದಲು ಹಳೆಯ ಮನೆಯನ್ನು ನೋಡೋಣ. ಮಾರ್ಟಿನ್ ಮಾರ್ಟಿನ್ ಎಂಬ ಪ್ರವಾಸಿಯು 1697ರಲ್ಲಿ ದ್ವೀಪಕ್ಕೆ ಬಂದು, ಮರುವರ್ಷವೇ ತನ್ನ ವೃತ್ತಾಂತವನ್ನು ಪ್ರಕಟಿಸಿದನು. ಆಗ ಅಲ್ಲಿ ಸುಮಾರು 180 ಜನರಿದ್ದರೆಂದು ಅವನ ಲೆಕ್ಕ. ತಗ್ಗಾದ ಕಲ್ಲುಗೋಡೆ, ಹುಲ್ಲಿನ ಚಾವಣಿ, ಗೋಡೆಯ ದಪ್ಪದೊಳಗೇ ತೋಡಿದ ಮಲಗುವ ಗೂಡು, ಇವು ಅವನು ಕಂಡ ಮನೆಗಳ ಲಕ್ಷಣಗಳು. ಆ ಕಾಲದ ಊರು ಈಗಿನ ಬೀದಿಯಲ್ಲಿರಲಿಲ್ಲ. ಮನೆಗಳು ಗುಂಪುಗುಂಪಾಗಿ ಒತ್ತಾಗಿದ್ದವು. 1727ರಲ್ಲಿ ಸಿಡುಬಿನ ಬೇನೆಯು ಊರಿಗೆ ಬಂದಾಗ ಜನರ ಬಹುಭಾಗ ನಾಶವಾಯಿತು. ಆ ವರ್ಷದ ಆಗಸ್ಟಿನಲ್ಲಿ ಹಕ್ಕಿ ಹಿಡಿಯಲೆಂದು ಸ್ಟಾಕ್ ಆನ್ ಆರ್ಮಿನ್ ಎಂಬ ಸಮುದ್ರದ ಬಂಡೆಗೆ ಹೋಗಿದ್ದ ಮೂವರು ಗಂಡಸರೂ ಎಂಟು ಮಂದಿ ಹುಡುಗರೂ, ಕರೆದುಕೊಂಡು ಬರಲು ದೋಣಿ ನಡೆಸುವವರು ಊರಿನಲ್ಲಿ ಉಳಿಯದ ಕಾರಣ, ಮುಂದಿನ ಮೇ ತಿಂಗಳವರೆಗೆ ಆ ಬಂಡೆಯ ಮೇಲೆಯೇ ಕಾಲ ಕಳೆದರು. ಅವರು ಹಿಂದಿರುಗಿದಾಗ ಊರಿನಲ್ಲಿ ಎಷ್ಟು ಒಲೆಗಳು ಹೊಗೆಯಾಡುತ್ತಿದ್ದಿರಬಹುದು ಎಂಬುದನ್ನು ಊಹಿಸುವುದೇ ಕಷ್ಟ. 1764ರ ಜನಗಣತಿಯ ಪಟ್ಟಿಯೊಂದು 2016ರಲ್ಲಿ ಬೆಳಕಿಗೆ ಬಂದಿದ್ದು, ಅದರಂತೆ ಆ ವರ್ಷ ದ್ವೀಪದಲ್ಲಿ 90 ಮಂದಿ ಇದ್ದರು.

ಈಗಿನ ಬೀದಿಯ ಹುಟ್ಟು 1830ರ ದಶಕದ್ದು. ನೀಲ್ ಮೆಕೆಂಜಿ ಎಂಬ ಪಾದ್ರಿಯು 1830ರ ಹೊತ್ತಿಗೆ ದ್ವೀಪಕ್ಕೆ ಬಂದು 1843ರವರೆಗೆ ಅಲ್ಲಿದ್ದನು. ಅವನು ಬರುವುದಕ್ಕೆ ಸ್ವಲ್ಪ ಮುಂಚೆ, ದೀಪಸ್ತಂಭಗಳ ನಿರ್ಮಾಪಕನೆಂದು ಪ್ರಸಿದ್ಧನಾದ ರಾಬರ್ಟ್ ಸ್ಟೀವನ್ಸನ್ನನ ನಕ್ಷೆಯಂತೆ ಚರ್ಚೂ ಪಾದ್ರಿಯ ವಸತಿಯೂ ಅಲ್ಲಿ ಎದ್ದಿದ್ದವು. ಗಾರೆಯಿಂದ ಕಟ್ಟಿದ, ಹೊಗೆಗೂಡುಳ್ಳ ತನ್ನ ಮನೆಯಲ್ಲಿ ಕುಳಿತು ನೋಡಿದಾಗ, ದನಕರುಗಳೊಡನೆ ಒಂದೇ ಸೂರಿನಡಿ ಬಾಳುವ ಜನರ ಮನೆಗಳು ಮೆಕೆಂಜಿಗೆ ಸಹಿಸಲಾಗದಂತೆ ತೋರಿದುದು ಆಶ್ಚರ್ಯವಲ್ಲ. ಆದರೂ ಅವನಿಗೆ ನ್ಯಾಯ ಸಲ್ಲಿಸಬೇಕು. ಅವನು ಉಪದೇಶ ಮಾಡಿ ಸುಮ್ಮನಾದವನಲ್ಲ. ಉಳುಮೆಯ ಭೂಮಿಯನ್ನು ಪಟ್ಟಿಗಳಾಗಿ ಹಂಚಿಸಿದನು, ಸುತ್ತಲೂ ಕಲ್ಲಿನ ಎಲ್ಲೆಗೋಡೆಯನ್ನು ಹಾಕಿಸಿದನು, ಹೊರಗಿನಿಂದ ಗಾಜಿನ ಕಿಟಕಿ, ಮಂಚ, ಮೇಜು, ಪಿಂಗಾಣಿ ಪಾತ್ರೆಗಳನ್ನು ತರಿಸಿದನು. 1834ರಲ್ಲಿ ಅಲ್ಲಿಗೆ ಬಂದ ಸರ್ ಥಾಮಸ್ ಡೈಕ್ ಆಕ್‌ಲೆಂಡ್ ಎಂಬ ಶ್ರೀಮಂತನು, ಹಳೆಯ ಮನೆಯನ್ನು ಬಿಟ್ಟು ಹೊಸದನ್ನು ಕಟ್ಟಿಕೊಳ್ಳುವವರಿಗೆ ಪ್ರೋತ್ಸಾಹವೆಂದು ಇಪ್ಪತ್ತು ಗಿನಿಗಳನ್ನು ಕೊಟ್ಟುಹೋದನು. (ಈ ಆಕ್‌ಲೆಂಡನ ವಿಹಾರನೌಕೆಯ ಹೆಸರು ‘ಲೇಡಿ ಆಫ್ ಸೇಂಟ್ ಕಿಲ್ಡಾ’. ಅದು ಮುಂದೆ ಮಾರಾಟವಾಗಿ ಆಸ್ಟ್ರೇಲಿಯಾಕ್ಕೆ ಹೋಯಿತು. ಮೆಲ್ಬರ್ನ್ ನಗರದ ಸೇಂಟ್ ಕಿಲ್ಡಾ ಬಡಾವಣೆಗೆ ಆ ನೌಕೆಯಿಂದಲೇ ಹೆಸರು ಬಂದಿತು.) ಕೆಲವೇ ವರ್ಷಗಳಲ್ಲಿ ಊರೆಲ್ಲವೂ ಹೊಸ ಸ್ಥಳಕ್ಕೆ ಬಂದು ನೆಲೆಸಿತು. 1858ರಲ್ಲಿ ಶಾರ್ಬೌ ಎಂಬಾತನು ರಚಿಸಿದ ನಕ್ಷೆಯಲ್ಲಿ ಈ ಬೀದಿಯನ್ನು ಸ್ಪಷ್ಟವಾಗಿ ಕಾಣಬಹುದು.

ಇಂಗ್ಲಿಷ್ ಬಲ್ಲವರು ‘ಕಪ್ಪು ಮನೆ’ ಎಂದು ಕರೆಯುವ ಈ ಮನೆಗಳ ರಚನೆಯನ್ನು ಸ್ವಲ್ಪ ವಿವರವಾಗಿ ಹೇಳುವುದು ಅವಶ್ಯಕ. ಗೋಡೆಗಳು ಎರಡು ಪದರದವು. ಹೊರಗೊಂದು, ಒಳಗೊಂದು ಗಾರೆಯಿಲ್ಲದ ಕಲ್ಲುಕಟ್ಟಡ. ನಡುವಿನ ಸಂದಿಗೆ ಮಣ್ಣು. ಹೀಗಾಗಿ ಗೋಡೆಯ ದಪ್ಪವು ಐದಾರು ಅಡಿಗಳವರೆಗೂ ಹೋಗುವುದು. ಮೂಲೆಗಳು ಚೂಪಾಗಿರದೆ ದುಂಡಾಗಿರುತ್ತವೆ. ಹುಲ್ಲಿನ ಚಾವಣಿಯು ಗೋಡೆಯಿಂದ ಹೊರಕ್ಕೆ ಚಾಚದೆ ಅದರ ಒಳ ಅಂಚಿನ ಮೇಲೆ ಕುಳಿತಿರುತ್ತದೆ. ಗಾಳಿಯು ಕೈಹಾಕಿ ಎತ್ತಲು ಅಂಚೇ ಇಲ್ಲ. ಹುಲ್ಲಿನ ಹಗ್ಗಗಳನ್ನು ಮೇಲಿನಿಂದ ಹಾಯಿಸಿ ತುದಿಗಳಿಗೆ ಕಲ್ಲುಗಳನ್ನು ಕಟ್ಟಿ ಇಳಿಬಿಟ್ಟಿರುತ್ತಾರೆ. ಮನೆಯ ಉದ್ದನೆಯ ಬದಿಯನ್ನು ಸಮುದ್ರಕ್ಕೆ ಒಡ್ಡದೆ, ಕಿರಿದಾದ ತುದಿಯನ್ನು ಮಾತ್ರ ಆ ಕಡೆಗೆ ತಿರುಗಿಸಿರುತ್ತಾರೆ. ಒಳಗೆ ಇಳಿಜಾರಿನ ಕೆಳಭಾಗದಲ್ಲಿ ದನಗಳು, ಮೇಲುಭಾಗದಲ್ಲಿ ಜನರು, ನಡುವೆ ಹೊಗೆಗೂಡಿಲ್ಲದ ಬೆಂಕಿ. ಚಳಿಗಾಲದುದ್ದಕ್ಕೂ ಗೊಬ್ಬರ, ಬೂದಿ, ಹಕ್ಕಿಗಳ ಅವಶೇಷ ಎಲ್ಲವೂ ಮನೆಯ ನೆಲದಲ್ಲಿಯೇ ಶೇಖರವಾಗಿ, ವಸಂತದಲ್ಲಿ ಹೊಲಕ್ಕೆ ಹೋಗುವುದು. ನೋಡುವವರಿಗೆ ಇದು ಹೊಲಸು; ಓಟ್ಸ್, ಬಾರ್ಲಿ, ಆಲೂಗೆಡ್ಡೆಗಳನ್ನು ತೆಳುಮಣ್ಣಿನಲ್ಲಿ ಬೆಳೆಯಬೇಕಾದವನಿಗೆ ಇದು ಬಂಡವಾಳ. ಈ ಗೊಬ್ಬರದ ಪದ್ಧತಿಯಲ್ಲಿಯೂ ದೋಷವಿಲ್ಲದೆ ಇರಲಿಲ್ಲ. ಅಬರ್ಡೀನ್ ವಿಶ್ವವಿದ್ಯಾಲಯದ ಆಂಡ್ರ್ಯೂ ಮೆಹಾರ್ಗ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಊರಹೊಲದ ಮಣ್ಣಿನಲ್ಲಿ ಸೀಸ, ಸತು ಮೊದಲಾದ ಲೋಹಗಳು ಹೆಚ್ಚಾಗಿ ಸೇರಿರುವುದನ್ನು ತೋರಿಸಿ, ಕಡಲಹಕ್ಕಿಗಳ ಅವಶೇಷವನ್ನೂ ಬೂದಿಯನ್ನೂ ತಲೆಮಾರುಗಳ ಕಾಲ ಹಾಕುತ್ತ ಬಂದುದೇ ಅದಕ್ಕೆ ಕಾರಣವೆಂದು ವಾದಿಸಿದ್ದಾರೆ.

1860ರ ಅಕ್ಟೋಬರ್ ತಿಂಗಳಿನಲ್ಲಿ ದೊಡ್ಡ ಬಿರುಗಾಳಿಯೊಂದು ಬೀಸಿ ಹಲವು ಮನೆಗಳ ಚಾವಣಿ ಹಾರಿಹೋಯಿತು. ಸಮುದ್ರ ಮೋಜಣಿಯಲ್ಲಿದ್ದ ‘ಪಾರ್ಕುಪೈನ್’ ಹಡಗಿನ ಕ್ಯಾಪ್ಟನ್ ಆಟ್ಟರನ ಮೂಲಕ ಸುದ್ದಿಯು ಹೊರಗೆ ಮುಟ್ಟಿ, ನೆರವಿನ ಧನವೂ ಕೂಡಿತು. ಆದರೆ ಮೆಕ್ಲೌಡನು ಬರಿಯ ಚಾವಣಿಗಳ ದುರಸ್ತಿಗೆ ತೃಪ್ತನಾಗಲಿಲ್ಲ. ತನ್ನ ತಂದೆ 1804ರಲ್ಲಿ ಕೊಂಡಿದ್ದ ದ್ವೀಪದಲ್ಲಿ ತನ್ನ ಖರ್ಚಿನಿಂದಲೇ ಹೊರಗಿನ ಕಲ್ಲುಕುಟಿಗರನ್ನು ಕರೆಸಿ ಹದಿನಾರು ಹೊಸ ಮನೆಗಳನ್ನು ಕಟ್ಟಿಸಿದನು. ಇಂಥ ಔದಾರ್ಯವು ಆ ಕಾಲದ ಸ್ಕಾಟಿಷ್ ಮಲೆನಾಡಿನಲ್ಲಿ ವಿರಳವಾಗಿತ್ತು ಎಂಬುದನ್ನು ಮರೆಯಬಾರದು. ಅಲ್ಲಿನ ಅನೇಕ ಜಮೀನ್ದಾರರು ಅದೇ ದಶಕಗಳಲ್ಲಿ ಕುರಿ ಸಾಕುವುದಕ್ಕಾಗಿ ರೈತರನ್ನು ಒಕ್ಕಲೆಬ್ಬಿಸುತ್ತಿದ್ದರು.

ಸಾಲಿನ ಪಶ್ಚಿಮ ತುದಿಯ 16ನೆಯ ಸಂಖ್ಯೆಯ ಮನೆಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಹದಿನಾರೂ ಒಂದೇ ಅಚ್ಚಿನವಾದುದರಿಂದ ಇದರ ವಿವರಣೆಯು ಉಳಿದವಕ್ಕೂ ಸಲ್ಲುವುದು. ಸುಮಾರು ಮೂವತ್ತು ಅಡಿ ಉದ್ದದ, ಅದರ ಅರ್ಧದಷ್ಟು ಅಗಲದ ನೀಳ ಚೌಕ. ಗಾರೆ ಹಾಕಿ ಕಟ್ಟಿದ ಕಲ್ಲಿನ ಗೋಡೆ. ನಡುವೆ ಬಾಗಿಲು, ಎರಡು ಪಕ್ಕಗಳಲ್ಲಿ ಒಂದೊಂದು ಕಿಟಕಿ. ಎರಡು ತುದಿಗಳ ಗೋಡೆಗಳಲ್ಲಿ ಒಂದೊಂದು ಒಲೆ, ಮೇಲೆ ಹೊಗೆಗೂಡು. ಬಾಗಿಲಿನಿಂದ ಒಳಕ್ಕೆ ಬಂದರೆ ಒಂದು ಕಡೆ ಅಡುಗೆಯ ಕೋಣೆ, ಇನ್ನೊಂದು ಕಡೆ ಮಲಗುವ ಕೋಣೆ, ನಡುವೆ ಹಿಂಬದಿಯಲ್ಲಿ ಸಣ್ಣದೊಂದು ಅರೆ. ನೆಲವು ಮೊದಲು ಮಣ್ಣಿನದೇ ಆಗಿತ್ತು. ಮನೆಯ ಮುಖವು ನೇರವಾಗಿ ಸಮುದ್ರದ ಕಡೆಗೆ. ಇದು ಹಿರ್ತಾದ ಮನೆಯಲ್ಲ. ಸ್ಕಾಟ್ಲೆಂಡಿನ ಮುಖ್ಯಭೂಮಿಯ ಯಾವ ಜಿಲ್ಲೆಯಲ್ಲಿಯಾದರೂ ಕಾಣಬಹುದಾದ ಕೂಲಿಕಾರನ ಮನೆ. ನಕ್ಷೆಯು ಹಡಗಿನಲ್ಲಿ ಬಂದಿತು, ಕುಶಲತೆಯು ಹಡಗಿನಲ್ಲಿ ಬಂದಿತು, ಮರವು ಬರಬೇಕಾದುದೇ ಆಗಿತ್ತು, ಏಕೆಂದರೆ ದ್ವೀಪದಲ್ಲಿ ಗಿಡವೆಂಬುದೇ ಬೆಳೆಯುವುದಿಲ್ಲ. ಕಲ್ಲು ಮಾತ್ರ ಆ ನೆಲದ್ದು.

ಆ ಕಲ್ಲಿನಲ್ಲಿಯೇ 16ನೆಯ ಮನೆಯ ವಿಶೇಷವೂ ಅಡಗಿದೆ. ಅದರ ಮುಂಗೋಡೆಯಲ್ಲಿ, ಕಿಟಕಿಯ ಬಳಿ, ಶಿಲುಬೆಯ ರೇಖೆಯನ್ನು ಕೊರೆದ ಕಲ್ಲೊಂದು ಸೇರಿಹೋಗಿದೆ. ಅದು ಆದಿಕ್ರೈಸ್ತ ಕಾಲದ್ದೆಂದು ಪ್ರಾಕ್ತನಜ್ಞರ ಅಭಿಪ್ರಾಯ. ಕುಟಿಗರು ಅಕ್ಕಪಕ್ಕದಲ್ಲಿ ಸಿಕ್ಕಿದ ಕಲ್ಲುಗಳನ್ನು ಆಯ್ದು ಕಟ್ಟುವಾಗ ಸಾವಿರ ವರ್ಷಕ್ಕೂ ಹಿಂದಿನ ಯಾವನೋ ಸನ್ಯಾಸಿಯ ಗುರುತನ್ನೂ ಗೋಡೆಗೆ ಸೇರಿಸಿಬಿಟ್ಟರು. ನಮ್ಮ ಹಳ್ಳಿಗಳಲ್ಲಿ ಶಾಸನಗಳ ಅನ್ವೇಷಣೆಗೆ ಹೋದವರಿಗೆ ಈ ಅನುಭವ ಹೊಸದಲ್ಲ. ವೀರಗಲ್ಲು ಹೊಸಲಾಗಿಯೂ, ದಾನಶಾಸನವು ಬಟ್ಟೆ ಒಗೆಯುವ ಕಲ್ಲಾಗಿಯೂ ಕಾಣಸಿಗುವುದುಂಟು. ಅಲ್ಲಿಯೂ ಹಾಗೆಯೇ. ಬೀದಿಯ ಹಿಂಭಾಗದಲ್ಲಿ 1844ರ ಸುಮಾರಿಗೆ ನೆಲವನ್ನು ಅಗೆಯುವಾಗ ಕಬ್ಬಿಣದ ಯುಗದ ನೆಲಮಾಳಿಗೆಯೊಂದು ಹೊರಬಿದ್ದುದನ್ನೂ ನೆನೆದರೆ, ಈ ಕುಟೀರವು ನಿಂತಿರುವುದು ಬರಿಯ ನೆಲದ ಮೇಲಲ್ಲ, ಒಂದರ ಮೇಲೊಂದಾಗಿ ತೊರೆಯಲ್ಪಟ್ಟ ವಸತಿಗಳ ಮೇಲೆ ಎಂದು ತಿಳಿಯುವುದು.

ಹೊಸ ಮನೆಯು ಹೇಗೆ ಬಾಳಿತು? ಚಾವಣಿಗೆ ಹಲಗೆಗಳ ಮೇಲೆ ಸತುವಿನ ತಗಡುಗಳನ್ನು ಹೊಡೆದಿದ್ದರು. ತಗಡಿನ ಅಡಿಯಲ್ಲಿ ಒಳಗಿನ ಬಿಸಿಯುಸಿರು ನೀರಾಗಿ ತೊಟ್ಟಿಕ್ಕುವುದು. ಬಿರುಗಾಳಿಗೆ ತಗಡು ಕಿತ್ತುಹೋಗುವುದು. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಟಾರು ಬಳಿದ ಕಂಬಳಿಯಂಥ ಹೊದಿಕೆಯು ಅದರ ಸ್ಥಾನವನ್ನು ಪಡೆಯಿತು. ಆ ಹೊದಿಕೆಯನ್ನು ಅಡ್ಡಲಾಗಿ ಹಾಯಿಸಿದ ತಂತಿಗಳಿಂದ ಗೋಡೆಗೆ ಬಿಗಿದರು. ಇದನ್ನು ಗಮನಿಸಬೇಕು. ಹುಲ್ಲುಹಗ್ಗ ಹೋಗಿ ತಂತಿ ಬಂದಿತೆಂಬುದನ್ನು ಬಿಟ್ಟರೆ, ಚಾವಣಿಯನ್ನು ಮೇಲಿನಿಂದ ಕಟ್ಟಿಹಾಕುವ ಹಳೆಯ ಉಪಾಯವೇ ಹೊಸ ಮನೆಯ ಮೇಲೆ ಹಿಂದಿರುಗಿತು. ಗೋಡೆ ತೆಳುವಾದುದರಿಂದ, ದನಗಳ ಮೈಬಿಸಿಯೂ ಇಲ್ಲದುದರಿಂದ, ಎರಡು ಒಲೆಗಳ ಬೆಂಕಿಯ ಬಹುಭಾಗ ಹೊಗೆಗೂಡಿನಲ್ಲಿ ಹೊರಟುಹೋಗುವುದರಿಂದ, ಹೊಸ ಮನೆಗೆ ಹೆಚ್ಚು ಸೌದೆ ಬೇಕಾಯಿತು. ಸೌದೆಯೆಂದರೆ ಅಲ್ಲಿ ಹುಲ್ಲುನೆಲವನ್ನೇ ಹೆರೆದು ಒಣಗಿಸಿದ ಹೆಂಟೆ. ಒಲೆ ಹೆಚ್ಚು ಉರಿದಷ್ಟೂ ಮೇವಿನ ನೆಲ ಬೋಳಾಗುವುದು. ಮನೆಯೊಳಗಿನ ಸುಖವನ್ನು ಬೆಟ್ಟದ ಮೇವಿನಿಂದ ತೆರಬೇಕಾಯಿತು ಎಂದರೆ ತಪ್ಪಾಗಲಾರದು.

ಹೀಗೆಂದು ಹಳೆಯದೆಲ್ಲವೂ ಚೆನ್ನ, ಹೊಸದೆಲ್ಲವೂ ಕೇಡು ಎಂಬ ತೀರ್ಮಾನಕ್ಕೆ ಬರುವುದು ಇತ್ತೀಚಿನ ಕೆಲವು ಬರಹಗಾರರ ರೂಢಿ. ಅದನ್ನು ನಾನು ಒಪ್ಪಲಾರೆ. ದ್ವೀಪವಾಸಿಗಳು ಹೊಸ ಮನೆಯನ್ನು ತ್ಯಜಿಸಿ ಹಳೆಯದಕ್ಕೆ ಮರಳಲಿಲ್ಲ ಎಂಬುದೇ ಇದಕ್ಕೆ ದೊಡ್ಡ ಸಾಕ್ಷ್ಯ. ಬೆಳಕಿನ ಕಿಟಕಿ, ಹೊಗೆಯಿಲ್ಲದ ಗಾಳಿ, ಮಲಗಲು ಪ್ರತ್ಯೇಕ ಕೋಣೆ, ಇವುಗಳ ಬೆಲೆಯನ್ನು ಅವರು ಅರಿತಿದ್ದರು. ಹಳೆಯ ಮನೆಯನ್ನು ಅವರು ಕೊಟ್ಟಿಗೆಯಾಗಿ, ಉಗ್ರಾಣವಾಗಿ ಉಳಿಸಿಕೊಂಡರು. ಅಂದರೆ ಒಂದೇ ಸೂರಿನ ಕೆಳಗಿದ್ದ ಎರಡು ಕೆಲಸಗಳನ್ನು ಎರಡು ಸೂರುಗಳಿಗೆ ಹಂಚಿದರು. ಬೀದಿಯಲ್ಲಿ ಇಂದಿಗೂ ಸಮುದ್ರಕ್ಕೆ ಮುಖಮಾಡಿದ ಬಿಳಿ ಮನೆ, ಅದರ ಪಕ್ಕದಲ್ಲಿ ಸಮುದ್ರಕ್ಕೆ ಮೂಲೆ ಕೊಟ್ಟ ಕಪ್ಪು ಮನೆ, ಮತ್ತೆ ಬಿಳಿ ಮನೆ ಎಂಬ ಕ್ರಮವು ಕಾಣುವುದು ಈ ಕಾರಣದಿಂದಲೇ. ಮೇಲಿನವರ ನಕ್ಷೆಯನ್ನು ಕೆಳಗಿನವರು ತಮ್ಮ ಬದುಕಿಗೆ ತಕ್ಕಂತೆ ತಿದ್ದಿಕೊಂಡ ಬಗೆ ಇದು.

ಸುಧಾರಕರ ಇನ್ನೊಂದು ನಂಬಿಕೆಯನ್ನು ಮಾತ್ರ ಈ ಮನೆಗಳು ಸುಳ್ಳಾಗಿಸಿದವು. ಹುಟ್ಟಿದ ಶಿಶುಗಳು ಒಂದು ವಾರ ಕಳೆಯುವಷ್ಟರಲ್ಲಿ ದವಡೆ ಬಿಗಿದು ಸಾಯುವ ‘ಎಂಟು ದಿನದ ಬೇನೆ’ ಅಲ್ಲಿ ಬಹುಕಾಲದಿಂದ ಇದ್ದಿತು. ಹತ್ತೊಂಬತ್ತನೆಯ ಶತಮಾನದ ನಡುಗಾಲದಲ್ಲಿ ಹುಟ್ಟಿದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಈ ಬೇನೆಗೆ ತುತ್ತಾದವು. ಹೊಗೆ ತುಂಬಿದ ಹೊಲಸು ಮನೆಯೇ ಇದಕ್ಕೆ ಕಾರಣವೆಂದು ಅನೇಕರು ಬರೆದರು. ಆದರೆ ಬಿಳಿ ಮನೆಗಳು ಎದ್ದು ಮೂವತ್ತು ವರ್ಷಗಳಾಗುವವರೆಗೂ ಬೇನೆಯು ನಿಲ್ಲಲಿಲ್ಲ. ಅದು ಧನುರ್ವಾಯು, ಹೆರಿಗೆಯ ಕಾಲದಲ್ಲಿ ಹೊಕ್ಕುಳ ಬಳ್ಳಿಯ ಮೂಲಕ ತಗಲುವ ಸೋಂಕು. 1889ರಲ್ಲಿ ಬಂದ ಆಂಗಸ್ ಫಿಡ್ಡಿಸ್ ಎಂಬ ಪಾದ್ರಿಯು ಸೂತಿಕಾಶಾಸ್ತ್ರದ ಶಿಕ್ಷಣವನ್ನು ತಾನೇ ಪಡೆದು, ಕ್ರಿಮಿನಾಶಕ ವಿಧಾನವನ್ನು ರೂಢಿಗೆ ತಂದನು. 1891ರ ತರುವಾಯ ಈ ಸಾವುಗಳು ನಿಂತುಹೋದವು. ಹದಿನಾರು ಮನೆಗಳಿಂದ ಆಗದ ಕೆಲಸವು ತೊಳೆದ ಕೈಗಳಿಂದ ಆಯಿತು. ಅಷ್ಟರಲ್ಲಿ ಒಂದು ತಲೆಮಾರಿನ ಮಕ್ಕಳು ಇಲ್ಲವಾಗಿದ್ದರು. ಬೀದಿಯ ಮೇಲುಗಡೆಯ ಸ್ಮಶಾನದ ಗೋಡೆಯೊಳಗೆ ಹೆಸರು ಬರೆಯದ ಸಣ್ಣ ಕಲ್ಲುಗಳು ನಿಂತಿವೆ.

ದ್ವೀಪದಲ್ಲಿ ಯಾವ ಸುಧಾರಕನೂ ಕೈಹಾಕದ ಕಟ್ಟಡವೊಂದು ಉಂಟು. ಅದನ್ನು ‘ಕ್ಲೀಟ್’ ಎನ್ನುತ್ತಾರೆ. ಮೇಲೆ ಹೋದಂತೆ ಒಳಕ್ಕೆ ವಾಲುವ ಗಾರೆಯಿಲ್ಲದ ಕಲ್ಲುಗೋಡೆ, ಮೇಲೆ ಹಾಸುಗಲ್ಲು, ಅದರ ಮೇಲೆ ಹುಲ್ಲುಮಣ್ಣಿನ ಹೊದಿಕೆ. ಮಳೆಯು ಒಳಗೆ ಬರುವುದಿಲ್ಲ; ಗಾಳಿಯು ಗೋಡೆಯ ಸಂದುಗಳಲ್ಲಿ ನುಗ್ಗಿ ಹಾಯ್ದುಹೋಗಿ ಒಳಗಿಟ್ಟ ಹಕ್ಕಿಮಾಂಸ, ಮೊಟ್ಟೆ, ಹೆಂಟೆಗಳನ್ನು ಒಣಗಿಸಿ ಕಾಪಾಡುವುದು. ಹಿರ್ತಾ ಒಂದರಲ್ಲಿಯೇ ಇಂಥವು 1200ಕ್ಕೂ ಹೆಚ್ಚು. ಫುಲ್ಮಾರ್, ಗ್ಯಾನೆಟ್, ಪಫಿನ್ ಎಂಬ ಕಡಲಹಕ್ಕಿಗಳೇ ಆ ಜನರ ಆಹಾರ, ದೀಪದ ಎಣ್ಣೆ ಮತ್ತು ಗೇಣಿ. ಗರಿಗಳನ್ನೂ ಎಣ್ಣೆಯನ್ನೂ ನೇಯ್ದ ಉಣ್ಣೆಬಟ್ಟೆಯನ್ನೂ ಮಾಲೀಕನ ಪಾರುಪತ್ತೇಗಾರನಿಗೆ ಒಪ್ಪಿಸಿ ಗೇಣಿಯನ್ನು ತೀರಿಸುತ್ತಿದ್ದರು. ಕ್ಲೀಟನ್ನು ಬಿಟ್ಟು ಬರಿಯ ಮನೆಯನ್ನು ವಿವರಿಸುವುದೆಂದರೆ ಕಣಜವನ್ನೂ ಹಗೇವನ್ನೂ ಬಿಟ್ಟು ಒಕ್ಕಲಿಗನ ಮನೆಯನ್ನು ವಿವರಿಸಿದಂತೆ. ನನ್ನ ದೃಷ್ಟಿಯಲ್ಲಿ ದ್ವೀಪದ ಶ್ರೇಷ್ಠವಾದ ವಾಸ್ತುಕೃತಿ ಇದೇ.

ಇನ್ನು ಮನೆಯು ತೆರವಾದ ಬಗೆ. 1852ರಲ್ಲಿಯೇ 36 ಮಂದಿ ಆಸ್ಟ್ರೇಲಿಯಾಕ್ಕೆ ವಲಸೆ ಹೊರಟು, ಅನೇಕರು ದಾರಿಯಲ್ಲಿಯೇ ಮೃತರಾಗಿದ್ದರು. 1861ರಲ್ಲಿ ಉಳಿದ ಜನಸಂಖ್ಯೆ 78. ಅಲ್ಲಿಂದ ಅರವತ್ತು ವರ್ಷಗಳ ಕಾಲ ಅದು ಎಪ್ಪತ್ತರ ಆಸುಪಾಸಿನಲ್ಲಿಯೇ ಉಳಿಯಿತು, 1921ರಲ್ಲಿ 73. ಅಂದರೆ ಬಿಳಿ ಮನೆಗಳ ಕಾಲವು ಕ್ರಮವಾದ ಅವನತಿಯ ಕಾಲವಾಗಿರಲಿಲ್ಲ. ಕುಸಿತವು ಕೊನೆಯ ಹತ್ತು ವರ್ಷಗಳದ್ದು. 1877ರಿಂದ ಬೇಸಿಗೆಯಲ್ಲಿ ಪ್ರವಾಸಿಗಳ ಹಡಗು ಬರತೊಡಗಿತ್ತು. ಒಂದನೆಯ ಮಹಾಯುದ್ಧದಲ್ಲಿ ನೌಕಾಪಡೆಯವರು ಅಲ್ಲಿ ನಿಸ್ತಂತು ಕೇಂದ್ರವನ್ನು ಸ್ಥಾಪಿಸಿದರು. 1918ರ ಮೇ 15ರಂದು ಜರ್ಮನ್ ಜಲಾಂತರ್ನೌಕೆಯೊಂದು ಬಂದು ಗುಂಡು ಹಾರಿಸಿತು. ಸೈನಿಕರ ಸಂಬಳ, ದಿನನಿತ್ಯದ ಸುದ್ದಿ, ಹೊರಗಿನ ಕೂಲಿ ಇವುಗಳ ರುಚಿಯನ್ನು ಕಂಡ ತರುಣರು ಯುದ್ಧ ಮುಗಿದ ಮೇಲೆ ಒಬ್ಬೊಬ್ಬರಾಗಿ ಹೊರಟರು. ದೋಣಿ ನಡೆಸಲೂ, ಬಂಡೆಯ ಮೇಲೆ ಹಗ್ಗ ಹಿಡಿಯಲೂ ಇಷ್ಟು ಮಂದಿ ಬೇಕೆಂಬ ಲೆಕ್ಕವುಂಟು. ಆ ಲೆಕ್ಕಕ್ಕೆ ಕೆಳಗಿಳಿದ ಮೇಲೆ ಉಳಿದವರು ಎಷ್ಟು ಗಟ್ಟಿಗರಾದರೂ ಬದುಕು ನಡೆಯದು. 1930ರ ಜನವರಿಯಲ್ಲಿ ರೋಗಿಯಾದ ತರುಣಿಯೊಬ್ಬಳು ಸಕಾಲದಲ್ಲಿ ಆಸ್ಪತ್ರೆ ಸೇರಲಾಗದೆ ಕೊನೆಗೆ ತೀರಿಕೊಂಡಳು. ಮೇ 10ರಂದು ದ್ವೀಪವಾಸಿಗಳು ತಮ್ಮನ್ನು ಅಲ್ಲಿಂದ ಸಾಗಿಸಬೇಕೆಂದು ಸರ್ಕಾರಕ್ಕೆ ಮನವಿ ಬರೆದರು. ಹೊರಡುವ ದಿನ ಒಂದೊಂದು ಮನೆಯಲ್ಲಿಯೂ ಬೈಬಲ್ಲನ್ನು ತೆರೆದಿಟ್ಟು, ಓಟ್ಸ್ ಕಾಳಿನ ಸಣ್ಣ ರಾಶಿಯೊಂದನ್ನು ಹಾಕಿ, ಬಾಗಿಲು ಮುಚ್ಚಿದರೆಂದು ಹೇಳುತ್ತಾರೆ. ಕುರಿಗಳನ್ನು ಮೊದಲೇ ಸಾಗಿಸಲಾಗಿತ್ತು. ನಾಯಿಗಳನ್ನು ಒಯ್ಯಲಿಲ್ಲ; ಕುತ್ತಿಗೆಗೆ ಕಲ್ಲು ಕಟ್ಟಿ ಕೊಲ್ಲಿಯಲ್ಲಿ ಮುಳುಗಿಸಿದರು. ಮುಖ್ಯಭೂಮಿಯ ಮಾರ್ವೆನ್ ಪ್ರಾಂತದಲ್ಲಿ ಅನೇಕರಿಗೆ ವಸತಿಯೂ ಉದ್ಯೋಗವೂ ದೊರೆತವು. ಗಿಡವಿಲ್ಲದ ದ್ವೀಪದವರಿಗೆ ಸಿಕ್ಕಿದ ಉದ್ಯೋಗವು ಅರಣ್ಯ ಇಲಾಖೆಯದು.

ಈ ಘಟನೆಯನ್ನು ಕುರಿತು ಟಾಮ್ ಸ್ಟೀಲ್ 1965ರಲ್ಲಿ ಬರೆದ ಪುಸ್ತಕವು ಬಹಳ ಪ್ರಚಾರಕ್ಕೆ ಬಂದಿತು. ಲೋಕದಿಂದ ದೂರವಿದ್ದ ಮುಗ್ಧ ಸಮಾಜವೊಂದು ನಾಗರಿಕತೆಯ ಸ್ಪರ್ಶದಿಂದ ಬಾಡಿಹೋಯಿತು ಎಂಬ ಭಾವನೆಯು ಜನರ ಮನಸ್ಸಿನಲ್ಲಿ ನೆಲೆಗೊಂಡಿತು. ಆಂಡ್ರ್ಯೂ ಫ್ಲೆಮಿಂಗ್ 2005ರ ತನ್ನ ಗ್ರಂಥದಲ್ಲಿ ಇದನ್ನು ಖಂಡಿಸಿ, ದ್ವೀಪವು ಯಾವ ಕಾಲದಲ್ಲಿಯೂ ಹೆಬ್ರಿಡೀಸ್ ಸಮಾಜದಿಂದ ಪ್ರತ್ಯೇಕವಾಗಿರಲಿಲ್ಲವೆಂದು ವಾದಿಸಿದನು. ಕುಟೀರದ ಸಾಕ್ಷ್ಯವು ಈ ಎರಡನೆಯ ಪಕ್ಷದ ಕಡೆಗೇ ವಾಲುತ್ತದೆ. 1980ರ ದಶಕದಲ್ಲಿ ಡರಹಾಮ್ ವಿಶ್ವವಿದ್ಯಾಲಯದವರು ಬೀದಿಯ ಮನೆಗಳಲ್ಲಿ ಉತ್ಖನನ ನಡೆಸಿದಾಗ ಕಾರ್ಖಾನೆಗಳಲ್ಲಿ ತಯಾರಾದ ಪಿಂಗಾಣಿಯ ಚೂರುಗಳು ಹೇರಳವಾಗಿ ದೊರೆತವು. ಮರ, ತಗಡು, ಗಾಜು, ಕಬ್ಬಿಣದ ಒಲೆ, ಪಾತ್ರೆ ಎಲ್ಲವೂ ಹಡಗಿನಿಂದ ಇಳಿದ ಮನೆಯನ್ನು ‘ಲೋಕವರಿಯದ ಜನರ ಮನೆ’ ಎನ್ನುವುದು ಹೇಗೆ? ಚಾವಣಿ ಬಿದ್ದ ಕಲ್ಲುಗೋಡೆಯ ಚಿತ್ರವನ್ನು ಕಂಡವರು ಅದನ್ನು ಪುರಾತನವೆಂದು ಭಾವಿಸುತ್ತಾರೆ. ಆದರೆ ಬೆಂಗಳೂರಿಗೆ ರೈಲು ಬಂದ 1864ಕ್ಕಿಂತ ಅದು ಎರಡೇ ವರ್ಷ ಹಿರಿಯದು. ಅದರಲ್ಲಿ ಜನವಸತಿಯಿದ್ದುದು ಅರವತ್ತೆಂಟು ವರ್ಷ. ಒಬ್ಬ ಮನುಷ್ಯನ ಆಯುಸ್ಸು. ಮನೆಯು ಹೊಸದಾಗಿರುವಾಗ ಹುಟ್ಟಿದವರು ಅದರ ಬಾಗಿಲು ಮುಚ್ಚುವುದನ್ನೂ ನೋಡಬಹುದಾಗಿತ್ತು.

ಜನರು ಹೋದ ಮೇಲೆ ಮನೆಯಲ್ಲಿ ಉಳಿದವರಲ್ಲಿ ಒಂದು ಜಾತಿಯ ಇಲಿಯೂ ಇತ್ತು. ಆ ದ್ವೀಪಕ್ಕೇ ವಿಶಿಷ್ಟವಾದ ಮನೆಯಿಲಿಯದು. ಒಲೆ ಆರಿ ಕಾಳು ಮುಗಿದ ಮೇಲೆ ಕೆಲವೇ ವರ್ಷಗಳಲ್ಲಿ ಅದು ನಿರ್ವಂಶವಾಯಿತು. ಬಯಲಿನಲ್ಲಿದ್ದ ಇನ್ನೊಂದು ಜಾತಿಯ ಇಲಿ ಮಾತ್ರ ಉಳಿದುಕೊಂಡು ಮನೆಗಳಿಗೂ ಬಂದಿತು. 1931ರಲ್ಲಿ ದ್ವೀಪವು ಮುಂದೆ ಬ್ಯೂಟ್ ಮಾರ್ಕ್ವಿಸನಾದ ಶ್ರೀಮಂತನ ಕೈಸೇರಿತು. ಅವನು ಪಕ್ಷಿಪ್ರಿಯನು. 1932ರಲ್ಲಿ ನೆರೆಯ ಸೋಯ್ ದ್ವೀಪದ ಕಾಡುಕುರಿಗಳನ್ನು ತಂದು ಹಿರ್ತಾದಲ್ಲಿ ಬಿಡಲಾಯಿತು. ಅವುಗಳ ಸಂತತಿಯೇ ಇಂದು ಬೀದಿಯಲ್ಲಿ ಓಡಾಡುವುದು. ಮಾರ್ಕ್ವಿಸನ ಮರಣಶಾಸನದಂತೆ 1957ರಲ್ಲಿ ದ್ವೀಪವು ಸ್ಕಾಟ್ಲೆಂಡಿನ ನ್ಯಾಷನಲ್ ಟ್ರಸ್ಟಿಗೆ ಸೇರಿತು. ಅದೇ ವರ್ಷ ಕ್ಷಿಪಣಿಗಳ ಚಲನೆಯನ್ನು ಗಮನಿಸುವ ಸೇನಾಕೇಂದ್ರವೂ ಅಲ್ಲಿ ತಲೆಯೆತ್ತಿತು. 1986ರಲ್ಲಿ ನಿಸರ್ಗದ ಕಾರಣದಿಂದಲೂ, 2005ರಲ್ಲಿ ಮಾನವ ಸಂಸ್ಕೃತಿಯ ಕಾರಣದಿಂದಲೂ ಯುನೆಸ್ಕೋ ಅದನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ಟ್ರಸ್ಟಿನವರು 1958ರಿಂದ ಬೇಸಿಗೆಯಲ್ಲಿ ಸ್ವಯಂಸೇವಕರ ತಂಡಗಳನ್ನು ಕಳುಹಿಸಿ, ಬೀದಿಯ ಪೂರ್ವ ತುದಿಯ ಕೆಲವು ಮನೆಗಳಿಗೆ ಮತ್ತೆ ಚಾವಣಿ ಹಾಕಿಸಿದ್ದಾರೆ. 3ನೆಯ ಸಂಖ್ಯೆಯದು ವಸ್ತುಸಂಗ್ರಹಾಲಯವಾಗಿದೆ. ಪಶ್ಚಿಮ ತುದಿಯ 16ನೆಯ ಮನೆಗೆ ಚಾವಣಿಯಿಲ್ಲ. ಎರಡು ತುದಿಗೋಡೆಗಳೂ ಒಲೆಯ ಗೂಡುಗಳೂ ಹಾಗೆಯೇ ನಿಂತಿವೆ. ಶಿಲುಬೆಯ ಕಲ್ಲು ಕಿಟಕಿಯ ಬಳಿ ಕುಟಿಗರು ಇಟ್ಟ ಜಾಗದಲ್ಲಿಯೇ ಇದೆ. ಗಾಳಿ ಬಲವಾದಾಗ ಕುರಿಗಳು ಒಳಗೆ ಬಂದು ಗೋಡೆಯ ಮರೆಗೆ ನಿಲ್ಲುತ್ತವೆ.